ಬೈಯದೆ ಪ್ರಚಾರ ಮಾಡೋಕೆ ಆಗೋದೇ ಇಲ್ವಾ? ಓಣಿ ಮಕ್ಕಳ ಎಲೆಕ್ಷನ್ ಆಟ ನೋಡಿ ಕೇಳ್ತಿದ್ದೇನೆ

ಬಿಸಿಲೂರಿನವ (ಕಲಬುರಗಿ)

ನಮ್ಮಲ್ಲಿ 2024ರ ಲೋಕಸಭೆ ಚುನಾವಣೆಯ ಮತದಾನ ಮೇ 7ಕ್ಕೆ ಮುಗಿಯಿತು. ಎಣಿಕೆ ಜೂನ್ 4ಕ್ಕೆ. ಮೈಕುಗಳೆಲ್ಲ ಬಾಯಿ ಮುಚ್ಚಿವೆ, ಆದರೆ ನಮ್ಮ ಓಣಿಯಲ್ಲಿ ಪ್ರಚಾರ ಇನ್ನೂ ನಿಂತಿಲ್ಲ. ಬಿಸಿಲು ಇಳಿದ ಮೇಲೆ ಮಕ್ಕಳು ಎಲೆಕ್ಷನ್ ಆಟ ಆಡುತ್ತವೆ. ನೀರಿನ ಡ್ರಮ್ಮಿನ ಮುಚ್ಚಳವೇ ವೇದಿಕೆ, ನಮ್ಮನೆಯ ಸ್ಟೀಲ್ ಲೋಟವೇ ಮೈಕು. (ಆ ಲೋಟ ಎಲ್ಲಿ ಹೋಯಿತು ಅಂತ ಮನೆಯವಳು ಎರಡು ದಿನ ನನ್ನ ಮೇಲೆ ಸಿಟ್ಟಾಗಿದ್ದಳು.)

ಮೊನ್ನೆ ಕಟ್ಟೆ ಮೇಲೆ ಕೂತು ಪೂರ್ತಿ ಆಟ ನೋಡಿದೆ. ಎಂಟು ವರ್ಷದ ನನ್ನ ಮಗಳು ಲೋಟ ಹಿಡಿದು "ಏ ಕಳ್ಳ, ನಿಮ್ಮಪ್ಪನೂ ಕಳ್ಳ" ಅಂತ ಶುರು ಮಾಡಿದಳು. ಎದುರು ಪಾರ್ಟಿ ಅಂದರೆ ಪಕ್ಕದ ಮನೆ ಹುಡುಗ. ಅವನು ಇವಳಿಗಿಂತ ಜೋರು. ಮೊದಲು ನಾಯಿ, ನರಿ, ಹಾವು ಎಲ್ಲ ಮುಗಿಸಿದ. ಪ್ರಾಣಿಗಳು ಖಾಲಿಯಾದ ಮೇಲೆ ನಮ್ಮ ಮನೆತನಕ್ಕೆ ಬಂದ. ಉಳಿದವರದ್ದು ಚಪ್ಪಾಳೆಯೋ ಚಪ್ಪಾಳೆ. ಅರ್ಧ ಗಂಟೆಯಲ್ಲಿ ಒಬ್ಬರೂ "ನಳ ಹಾಕಿಸ್ತೀನಿ, ರಸ್ತೆ ಮಾಡಿಸ್ತೀನಿ" ಅನ್ನಲಿಲ್ಲ. ಸುಳ್ಳು ಭರವಸೆ ಕೂಡ ಇಲ್ಲ! ನಾವು ಚಿಕ್ಕವರಿದ್ದಾಗ ಇದೇ ಆಟ ಆಡಿದ್ದೆವು. ಸುಳ್ಳಾದರೂ ದಿನಕ್ಕೊಂದು ರೈಲು ತರುತ್ತಿದ್ದೆವು.

ಮಗಳನ್ನು ಗದರಿಸಲು ಹೋದೆ. "ಪಪ್ಪಾ, ಎಲೆಕ್ಷನ್ ಅಂದ್ರೆ ಹಂಗೇ ಮಾತಾಡಬೇಕು" ಅಂದಳು. ಏನು ಹೇಳೋದು?

ಹಿರಿಯರು ಯಾರಾದರೂ ಹೇಳಿ. ಮೊದಲಿಂದಲೂ ಹೀಗೇನಾ? ಇಲ್ಲ ಈಗ ಜಾಸ್ತಿ ಕೆಟ್ಟಿದೆಯಾ? ಪಕ್ಷದ ಜಗಳ ಮಾತ್ರ ಬೇಡ.

ಜಗತ್ ಸರ್ಕಲ್ ಚಹಾ

ಪಕ್ಷದ ಜಗಳ ಬೇಡ ಅಂದ್ರಲ್ಲ, ಹತ್ತನೇ ಕಾಮೆಂಟಿಗೆ ಶುರುವಾಗುತ್ತೆ ನೋಡಿ.

ಪಿಂಚಣಿ ಕಾಕಾ

ತಮ್ಮಾ, ಮೊದಲು ಹೀಗಿರಲಿಲ್ಲ. 1971ರಲ್ಲಿ ನನಗೆ 13 ವರ್ಷ. ಜೀಪು ಬಂದರೆ ಅದರ ಹಿಂದೆ ಧೂಳು ತಿನ್ನುತ್ತಾ ಓಡುತ್ತಿದ್ದೆವು, ಬಿಲ್ಲೆ ಬೀಳುತ್ತೆ ಅಂತ. ತಗಡಿನ ಭೋಂಗಾ ಕಟ್ಟಿಕೊಂಡು ಒಬ್ಬನೇ ಮನುಷ್ಯ ಊರೂರು ತಿರುಗುತ್ತಿದ್ದ. ನಮ್ಮೂರ ಅಗಸಿ ಮುಂದೆ ಎರಡೂ ಪಾರ್ಟಿಯ ಸಭೆ ಆಗುತ್ತಿತ್ತು. ಎದುರಾಳಿಯ ಹೆಸರಿಗೆ "ಅವರು" ಹಚ್ಚದೆ ಯಾರೂ ಮಾತಾಡುತ್ತಿರಲಿಲ್ಲ. ಮಧ್ಯಾಹ್ನ ಇವರ ಸಭೆ, ಸಂಜೆ ಅವರ ಸಭೆ. ನಡುವೆ ಇಬ್ಬರೂ ಗೌಡರ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ರೊಟ್ಟಿ ತಿಂದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಚಿಂಚೋಳಿಯ ವೀರೇಂದ್ರ ಪಾಟೀಲರು, ಜೇವರ್ಗಿಯ ಧರಂ ಸಿಂಗ್ ಅಂಥವರನ್ನು ಮುಖ್ಯಮಂತ್ರಿ ಮಾಡಿದ ಜಿಲ್ಲೆ ಇದು. ಧರಂ ಸಿಂಗ್ ಮತ್ತು ಖರ್ಗೆಯವರನ್ನು ಲವ-ಕುಶ ಅಂತಿದ್ದರು. ಈಗಿನವರನ್ನು ಏನಂತ ಕರೆಯೋದು ನೀವೇ ಹೇಳಿ.

ಶಹಾಬಾದ್ ಕಲ್ಲು

ಕಾಕಾ, ಬೇಜಾರು ಮಾಡ್ಕೋಬೇಡಿ, ನಿಮ್ಮ ವೀರೇಂದ್ರ ಪಾಟೀಲರದ್ದೇ ಉದಾಹರಣೆ ಕೊಡ್ತೀನಿ. 1978ರ ಚಿಕ್ಕಮಗಳೂರು ಉಪಚುನಾವಣೆ. ಇಂದಿರಾ ಗಾಂಧಿ ಎದುರು ಜನತಾ ಪಕ್ಷದಿಂದ ನಿಂತವರು ಅವರೇ. ಆಗಿನ ಘೋಷಣೆ ನೆನಪಿದೆಯಾ? "ಏಕ್ ಶೇರನೀ, ಸೌ ಲಂಗೂರ್, ಚಿಕ್ಕಮಗಳೂರ್ ಭಾಯಿ ಚಿಕ್ಕಮಗಳೂರ್." ಒಂದು ಹೆಣ್ಣು ಸಿಂಹ, ನೂರು ಮುಸುವ. ಮಾಜಿ ಮುಖ್ಯಮಂತ್ರಿಯನ್ನೂ ಅವರ ಜೊತೆಗಾರರನ್ನೂ ಕೋತಿ ಅಂದದ್ದು ನಿಮ್ಮ ಆ ಸಭ್ಯ ಕಾಲವೇ.

1977ರಲ್ಲಿ ಕಾಂಗ್ರೆಸ್ ಗುರುತು ಹಸು-ಕರು. ಅದನ್ನು ತಾಯಿ-ಮಗ ಅಂತ ಆಡಿಕೊಂಡದ್ದು ಎಷ್ಟು! ಪ್ರಾಣಿ ಸಂಗ್ರಹಾಲಯ ಆಗಲೂ ಇತ್ತು. ಬಿಸಿಲೂರಿನವರ ಓಣಿ ಹುಡುಗ ಹೊಸದೇನೂ ಮಾಡಿಲ್ಲ.

ಪಿಂಚಣಿ ಕಾಕಾ

ಆ ಘೋಷಣೆ ಮರೆತಿಲ್ಲ. ಆದರೆ ಮುಂದಿನ ಕಥೆ ಯಾಕೆ ಬಿಟ್ಟೆ? 1980ರಲ್ಲಿ ಅದೇ ವೀರೇಂದ್ರ ಪಾಟೀಲರು ಅದೇ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಮಂತ್ರಿ. ಎರಡೇ ವರ್ಷ. ಬಾಗಿಲು ಪೂರ್ತಿ ಮುಚ್ಚುವಂಥ ಮಾತು ಆಡಿದ್ದರೆ ಅದು ಆಗುತ್ತಿತ್ತಾ? ನಾನು ಹೇಳೋದು ಅಷ್ಟೇ. ಬೈದರೂ ಚಿಲಕ ಹಾಕುತ್ತಿರಲಿಲ್ಲ.

ಜಗತ್ ಸರ್ಕಲ್ ಚಹಾ

ಹಂಗಾದ್ರೆ ಬೈದದ್ದೂ ನಾಟಕ, ಕೂಡಿದ್ದೂ ನಾಟಕ. ಈಗಲೂ ಪಾರ್ಟಿ ಬದಲಿಸಿದ ಮರುದಿನ ಅಣ್ಣ-ತಮ್ಮ ಆಗ್ತಾರಲ್ಲ ಕಾಕಾ. ನಾಯಕರಿಗೆ ಚಿಲಕ ಯಾವತ್ತೂ ಇಲ್ಲ. ಅವರ ಹಿಂದೆ ಹೊಡೆದಾಡಿದ ನಮ್ಮ ಹುಡುಗರು ಮಾತ್ರ ಮಾತು ಬಿಟ್ಟು ಕೂರ್ತಾರೆ.

ಸಗರನಾಡು

ನನಗೆ ಈ "ಹಿಂದಿನ ಸಭ್ಯತೆ" ಕೇಳಿದರೆ ನಗು ಬರುತ್ತೆ. ಯಾದಗಿರಿ ಕಡೆ ನಮ್ಮ ಮುತ್ಯಾ ಹೇಳಿದ್ದು ಬೇರೆ. ಕಾಕಾ ಹೇಳಿದ ಗೌಡರ ಮನೆ ಪಂಕ್ತಿ ಇದೆಯಲ್ಲ, ಅದರಲ್ಲಿ ನಮ್ಮವರು ಕೂರುವಂತಿರಲಿಲ್ಲ. ಅಗಸಿ ಮುಂದಿನ ಸಭೆಯಲ್ಲಿ ನಮ್ಮ ಮುತ್ಯಾ ದೂರ ನಿಂತು ಕೇಳುತ್ತಿದ್ದ. ಯಾರಿಗೆ ವೋಟು ಅಂತ ಹಿಂದಿನ ರಾತ್ರಿಯೇ ಹೇಳಿ ಕಳಿಸುತ್ತಿದ್ದರು. ಬೈಯುವ ಅಗತ್ಯವೇ ಇರಲಿಲ್ಲ, ಯಾಕಂದ್ರೆ ಕೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. ಮೈಕು ನಾಲ್ಕು ಮನೆಯವರ ಕೈಯಲ್ಲಿತ್ತು. ಆ ನಾಲ್ಕು ಮನೆಯವರು ಪರಸ್ಪರ ಬೀಗರು. ಬೀಗರು ಬೀಗರನ್ನು "ಅವರು" ಅನ್ನದೆ ಏನಂತಾರೆ?

ಈಗ ಎಲ್ಲರಿಗೂ ಮೈಕು ಸಿಕ್ಕಿದೆ. ಗದ್ದಲ ಆಗುತ್ತೆ. ಆಗಲಿ ಬಿಡಿ.

ಪಿಂಚಣಿ ಕಾಕಾ

ಪಂಕ್ತಿಯ ಮಾತು ಖರೇ. ನಾನು ಯಾವ ಪಂಕ್ತಿಯಲ್ಲಿ ಕೂತು ನೋಡಿದ್ದೆ ಅನ್ನೋದನ್ನು ಬರೆಯುವಾಗ ಯೋಚಿಸಲಿಲ್ಲ.

ಬಿಸಿಲೂರಿನವ

ಸಗರನಾಡು ಅವರೇ, ಒಪ್ಪಿದೆ. ಆದರೆ ಎಲ್ಲರಿಗೂ ಸಿಕ್ಕ ಮೈಕಿನಲ್ಲಿ ಬರುತ್ತಿರೋದು ಏನು? ನಿಮ್ಮ ಮುತ್ಯಾ ಕೇಳಬೇಕಿದ್ದ ಪ್ರಶ್ನೆ ಅದರಲ್ಲಿ ಬರ್ತಾ ಇದೆಯಾ? 2023ರ ಚುನಾವಣೆಗೆ ಮುಂಚೆ ನೆಟೆ ರೋಗಕ್ಕೆ ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತ್ತು. ನಾನು ಹೋದ ಸಭೆಯಲ್ಲಿ ಒಂದು ಗಂಟೆ ಭಾಷಣ. ತೊಗರಿಗೆ ಎರಡು ನಿಮಿಷ. ಉಳಿದದ್ದೆಲ್ಲ ಎದುರಾಳಿಯ ನಡತೆ, ನಾಲಿಗೆ, ಮನೆತನ.

ಮೊಳೆ ಜೋಡಿಸಿದವ

ನಾನು ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ ನಡೆಸಿದವನು. ನನ್ನ ಅನುಭವ ಸ್ವಲ್ಪ ಉದ್ದ ಇದೆ, ತಾಳ್ಮೆ ಇದ್ದವರು ಓದಿ.

ಮೊದಲು ಟ್ರೆಡಲ್ ಮಷೀನು. ಕರಪತ್ರ ಅಂದರೆ ಒಂದೊಂದೇ ಅಕ್ಷರದ ಮೊಳೆ ಆರಿಸಿ ಜೋಡಿಸಬೇಕು. ಎಲೆಕ್ಷನ್ ಬಂತು ಅಂದರೆ ರಾತ್ರಿ ಹನ್ನೊಂದಕ್ಕೆ ಹುಡುಗರು ಚೀಟಿ ಹಿಡಿದು ಬರುತ್ತಿದ್ದರು. ಅದರಲ್ಲಿ ಬೈಗುಳ ಇರುತ್ತಿತ್ತು, ಇಲ್ಲ ಅನ್ನಲ್ಲ. ನಾನು ಬೇಡ ಅನ್ನುತ್ತಿರಲಿಲ್ಲ. "ಕೂಡ್ರಿ, ಜೋಡಿಸ್ತೀನಿ" ಅಂತಿದ್ದೆ. ಒಂದು ಸಾಲು ಜೋಡಿಸಲು ಐದಾರು ನಿಮಿಷ ಆಗುತ್ತಿತ್ತು. ಎದುರಿಗೆ ಕೂತು ಅವನು ತನ್ನ ಬೈಗುಳವನ್ನೇ ಅಕ್ಷರ ಅಕ್ಷರವಾಗಿ ನೋಡುತ್ತಿದ್ದ, ಅದೂ ಉಲ್ಟಾ. ಪ್ರೂಫ್ ತೆಗೆದು ಕೈಗೆ ಕೊಟ್ಟು "ಕೆಳಗೆ ಯಾರ ಹೆಸರು ಹಾಕಲಿ?" ಅಂತ ಕೇಳುತ್ತಿದ್ದೆ. ಅಲ್ಲಿಗೆ ಅರ್ಧ ಸಾಲು ಅವನೇ ಹೊಡೆದು ಹಾಕುತ್ತಿದ್ದ.

ಯಾಕಂದ್ರೆ ಹೆಸರು ಹಾಕಲೇಬೇಕು. ಪ್ರಜಾ ಪ್ರಾತಿನಿಧ್ಯ ಕಾಯ್ದೆ 1951, ಕಲಂ 127-ಎ. ಚುನಾವಣೆಯ ಕರಪತ್ರ, ಪೋಸ್ಟರಿನಲ್ಲಿ ಮುದ್ರಕನ ಹೆಸರು-ವಿಳಾಸ, ಪ್ರಕಾಶಕನ ಹೆಸರು-ವಿಳಾಸ ಇರಬೇಕು. ಪ್ರಕಾಶಕ ಬರೆದುಕೊಟ್ಟು ಸಹಿ ಮಾಡಬೇಕು, ಅವನನ್ನು ಬಲ್ಲ ಇಬ್ಬರು ಸಾಕ್ಷಿ ಹಾಕಬೇಕು. ಆ ಕಾಗದ ಮತ್ತು ಛಾಪಿಸಿದ್ದರ ಒಂದು ಪ್ರತಿ ಡಿಸಿ ಆಫೀಸಿಗೆ ಹೋಗಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಒಬ್ಬ ಹುಡುಗ ದುಪ್ಪಟ್ಟು ರೇಟು ಕೊಡ್ತೀನಿ, ಹೆಸರು ಬೇಡ ಅಂದಿದ್ದ. ಗುಲಾಬಿ ಕಾಗದ ಅವನೇ ತಂದಿದ್ದ. ಚೀಟಿಯಲ್ಲಿ ಇದ್ದದ್ದು ಎದುರಾಳಿಯ ಹೆಂಡತಿಯ ಬಗ್ಗೆ. ವಾಪಸ್ ಕಳಿಸಿದೆ. ಬೇರೆ ಎಲ್ಲೋ ಮಾಡಿಸಿದ ಅಂತ ಆಮೇಲೆ ಕೇಳಿದೆ. ನಾನು ದೊಡ್ಡ ಮನುಷ್ಯ ಅಂತ ಹೇಳ್ತಿಲ್ಲ. ನನಗೆ ಭಯ ಇತ್ತು, ಅಷ್ಟೇ. ಕೆಳಗೆ ನನ್ನ ಅಂಗಡಿ ಹೆಸರು ಇರುತ್ತಲ್ಲ.

ಜನ ಆಗ ಒಳ್ಳೆಯವರಿದ್ದರು ಅಂತ ನಾನು ನಂಬೋದಿಲ್ಲ. ಬೈಗುಳಕ್ಕೆ ಆಗ ಒಂದು ವಿಳಾಸ ಇತ್ತು. ಈಗ ಮೊಬೈಲಿಗೆ ಬರೋ ವಿಡಿಯೋದ ಕೆಳಗೆ ಯಾರ ಅಂಗಡಿ ಹೆಸರು ಇದೆ?

ಜಗತ್ ಸರ್ಕಲ್ ಚಹಾ

ಬೈಗುಳವನ್ನು ಉಲ್ಟಾ ಓದಿಸುವ ಶಿಕ್ಷೆ. ಕಾಯ್ದೆಯಲ್ಲಿ ಸೇರಿಸಬೇಕು.

ರೀಲ್ಸ್ ರಾಜಾ

ಬೈಸಿಕೊಳ್ಳಲು ರೆಡಿಯಾಗಿ ಬರೀತಾ ಇದ್ದೇನೆ. 2023ರಲ್ಲಿ ಒಬ್ಬ ಅಭ್ಯರ್ಥಿಯ ಮೊಬೈಲ್ ಪ್ರಚಾರ ನೋಡಿಕೊಂಡವನು ನಾನು. ಯಾರು, ಯಾವ ಕ್ಷೇತ್ರ ಕೇಳಬೇಡಿ. ಡಿಗ್ರಿ ಮುಗಿಸಿ ಖಾಲಿ ಕೂತಿದ್ದೆ, ತಿಂಗಳಿಗೆ ಹದಿನೈದು ಸಾವಿರ ಅಂದರು, ಹೋದೆ.

ಮೊದಲ ವಾರ ನಿಯತ್ತಾಗಿ ಕೆಲಸ ಮಾಡಿದೆ. ಕೆರೆ, ಶಾಲೆ, ಬಸ್ಸು ಅಂತ ಚೆಂದದ ವಿಡಿಯೋ. ಇನ್ನೂರು ಜನ ನೋಡಲಿಲ್ಲ. ಎಂಟನೇ ದಿನ ಎದುರಾಳಿ ಭಾಷಣದಲ್ಲಿ ಒಂದು ಶಬ್ದ ತಪ್ಪು ಅಂದ. ಅದನ್ನು ಕತ್ತರಿಸಿ, ಮೂರು ಸಲ ತಿರುಗಿಸಿ, ಹಿಂದೆ ಕತ್ತೆ ಕೂಗುವ ಸದ್ದು ಹಾಕಿದೆ. ಸಂಜೆಯೊಳಗೆ ನಮ್ಮ ಸೋದರಮಾವ ಪುಣೆಯಿಂದ ನನಗೇ ಕಳಿಸಿದ, "ನೋಡು ಎಂಥಾ ಮಜಾ ಐತಿ" ಅಂತ. ಮಾಡಿದವನು ನಾನೇ ಅಂತ ಅವನಿಗೆ ಗೊತ್ತಿಲ್ಲ.

ಆಮೇಲೆ ಕೆರೆ ವಿಡಿಯೋ ಯಾರು ಮಾಡ್ತಾರೆ? ಸಾಹೇಬರೇ "ಮೊನ್ನಿನಂಥದ್ದು ಇನ್ನೊಂದು ಮಾಡು" ಅಂದರು. ತಪ್ಪು ನಮ್ಮದಿದೆ. ಆದರೆ ಒತ್ತಿ ಒತ್ತಿ ಮುಂದೆ ಕಳಿಸಿದವರು ಯಾರು? ಈ ಗುಂಪಿನಲ್ಲೂ ಇದ್ದೀರಿ.

ಹುಮನಾಬಾದ್ ಅಕ್ಕ

ರೀಲ್ಸ್ ರಾಜಾ, ನಿನ್ನ ಮೇಲೆ ಸಿಟ್ಟು ಬಂತು, ಆದರೆ ನಿಜ ಹೇಳಿದೆ. ನನ್ನದೂ ಕೇಳು.

2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗೆ ನಿಂತಿದ್ದೆ. ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಗೊತ್ತಲ್ಲ. ಆಗ ರಾಜ್ಯದಲ್ಲೆಲ್ಲ ಮತಪತ್ರ, ನಮ್ಮ ಬೀದರ್ ಜಿಲ್ಲೆಯಲ್ಲಿ ಮಾತ್ರ ಮಷೀನು. ನನಗೆ ಬಂದದ್ದು ಹೊಲಿಗೆ ಯಂತ್ರದ ಗುರುತು. ನಾನು ಬಟ್ಟೆ ಹೊಲಿಯೋಳೇ, ಖುಷಿಯಾಯಿತು.

ಮತದಾನಕ್ಕೆ ನಾಲ್ಕು ದಿನ ಇರುವಾಗ ಊರ ಗುಂಪಿನಲ್ಲಿ ಒಂದು ಆಡಿಯೋ ಬಂತು. ಗಂಡಸಿನ ದನಿ. ಹೊಲಿಸೋಕೆ ಯಾರ್ಯಾರು ಬರ್ತಾರೆ, ಎಷ್ಟೊತ್ತಿಗೆ ಬರ್ತಾರೆ ಅಂತ ನಗುತ್ತಾ ಹೇಳಿದ ಮಾತು. ಬೈಗುಳದ ಶಬ್ದ ಒಂದೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಕಂಪ್ಲೇಂಟ್ ಕೊಡಬಹುದಿತ್ತು. ಮರುದಿನ ಹಿಟ್ಟಿನ ಗಿರಣಿಗೆ ಹೋದೆ. ಮಾತಾಡುತ್ತಿದ್ದ ನಾಲ್ಕು ಹೆಂಗಸರು ಸುಮ್ಮನಾದರು. ಗಿರಣಿ ಸದ್ದೊಂದೇ. ಜೋಳದ ಡಬ್ಬಿ ಅಲ್ಲೇ ಇಟ್ಟು ವಾಪಸ್ ಬಂದೆ. ಸಂಜೆ ನಮ್ಮ ಅತ್ತೆ ಹೋಗಿ ಡಬ್ಬಿ ತಂದರು. ಅಲ್ಲಿ ಏನೋ ಬೈದು ಬಂದರಂತೆ, ಏನಂತ ಇವತ್ತಿಗೂ ಹೇಳಿಲ್ಲ.

ಗೆದ್ದೆ. ಹನ್ನೊಂದು ವೋಟಿನಲ್ಲಿ. ಮೊದಲು ಮನೆಗೆ ಬಂದು "ವೈನಿ, ಮನಿ ಬಿಲ್ಲಿಗೆ ಒಂದು ಸಹಿ" ಅಂದವನು ಆ ಆಡಿಯೋವನ್ನು ಮೂರು ಗುಂಪಿಗೆ ಕಳಿಸಿದ ಹುಡುಗ. "ಸುಮ್ನೆ ಮುಂದೆ ತಳ್ಳಿದೆ ವೈನಿ, ಮಾತಾಡಿದ್ದು ನಾನಲ್ಲ" ಅಂದ. ಎಲ್ಲರೂ ಹೇಳೋದು ಅದೇ. ಮಾತಾಡಿದವನು ಯಾರು ಅಂತ ಗೊತ್ತೇ ಆಗಲಿಲ್ಲ. ಪ್ರೆಸ್ಸಿನ ಅಣ್ಣಾವ್ರು ಹೇಳಿದ ವಿಳಾಸದ ಮಾತು ನನಗೆ ನೇರ ತಾಗಿತು.

ಸಗರನಾಡು

ಅಕ್ಕಾ, ಸಹಿ ಹಾಕಿದ್ರಾ?

ಹುಮನಾಬಾದ್ ಅಕ್ಕ

ಹಾಕಿದೆ. ಮನೆ ಅವನ ತಾಯಿದು.

ಕರಿ ಕೋಟು

ವಕೀಲ ನಾನು. ಅಕ್ಕನವರ ಪ್ರಕರಣದಲ್ಲಿ ಪಂಚಾಯಿತಿ ಕಾನೂನು ಬೇರೆ ಇದೆ. ಎಂಎಲ್‌ಎ, ಎಂಪಿ ಚುನಾವಣೆಯ ಮಾತು ಹೇಳ್ತೀನಿ. ಅದೇ 1951ರ ಕಾಯ್ದೆಯ ಕಲಂ 123(4). ಅಭ್ಯರ್ಥಿಯ ವೈಯಕ್ತಿಕ ನಡತೆ ಬಗ್ಗೆ ಸುಳ್ಳು ಅಂತ ಗೊತ್ತಿದ್ದೂ ಹಬ್ಬಿಸಿದರೆ ಅದು ಭ್ರಷ್ಟ ಆಚರಣೆ. ಸಾಬೀತಾದರೆ ಗೆದ್ದವರ ಆಯ್ಕೆಯೇ ರದ್ದು. ಫಲಿತಾಂಶದ 45 ದಿನದೊಳಗೆ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಬೇಕು. ಆದರೆ ಅಭ್ಯರ್ಥಿಯೋ, ಅವರ ಏಜೆಂಟೋ, ಅವರ ಒಪ್ಪಿಗೆ ಇದ್ದವರೋ ಮಾಡಿದ್ದು ಅಂತ ತೋರಿಸಬೇಕು. ವಾಟ್ಸಾಪ್ ಫಾರ್ವರ್ಡಿಗೆ ಒಪ್ಪಿಗೆ ಪತ್ರ ಎಲ್ಲಿಂದ ತರ್ತೀರಿ?

ನೀತಿ ಸಂಹಿತೆಗೆ ಅದರದ್ದೇ ಕಾನೂನಿನ ಬಲ ಇಲ್ಲ ಅನ್ನೋದೂ ತುಂಬ ಜನಕ್ಕೆ ಗೊತ್ತಿಲ್ಲ. ಆಯೋಗ ನೋಟಿಸು ಕೊಡುತ್ತೆ, ಕೆಲವು ಗಂಟೆ ಪ್ರಚಾರ ನಿಲ್ಲಿಸುತ್ತೆ. 2019ರಲ್ಲಿ ಯೋಗಿ ಆದಿತ್ಯನಾಥ್ ಮತ್ತು ಆಜಂ ಖಾನ್‌ಗೆ 72 ಗಂಟೆ, ಮಾಯಾವತಿ ಮತ್ತು ಮೇನಕಾ ಗಾಂಧಿಗೆ 48 ಗಂಟೆ. ಈ ಸಲ ಹೇಮಾ ಮಾಲಿನಿ ಬಗ್ಗೆ ಆಡಿದ ಮಾತಿಗೆ ಕಾಂಗ್ರೆಸ್ಸಿನ ಸುರ್ಜೇವಾಲಾ ಅವರಿಗೆ 48 ಗಂಟೆ. ಎಲ್ಲ ಪಕ್ಷದವರೂ ಇದ್ದಾರೆ, ಲೆಕ್ಕ ಸಮ.

ತೊಗರಿ ಕಣಜ

48 ಗಂಟೆ ಅಂದ್ರೆ ವಾರಾಂತ್ಯದ ರಜೆ.

ಆಳಂದ ನಾಕಾ

ಚುನಾವಣಾ ಆಯೋಗಕ್ಕೆ ದೂರು ಕೊಡುವ ಸಿ-ವಿಜಿಲ್ ಆ್ಯಪ್ ಇದೆಯಲ್ಲ, 100 ನಿಮಿಷದಲ್ಲಿ ಕ್ರಮ ಅಂತಾರೆ. ರಾತ್ರಿ 10 ಆದ ಮೇಲೆ ನಮ್ಮ ಮನೆ ಮುಂದೆ ಮೈಕು ಹಾಕಿದ್ದಕ್ಕೆ ನಾನು ವಿಡಿಯೋ ಹಾಕಿದ್ದೆ. ಬಂದರು, ಬಂದ್ ಮಾಡಿಸಿದರು. ಆದರೆ ಅದರಲ್ಲಿ ಸ್ಥಳದಲ್ಲೇ ಆಗಲೇ ತೆಗೆದದ್ದನ್ನು ಮಾತ್ರ ಹಾಕಬಹುದು. ಮೊಬೈಲಿಗೆ ಬಂದ ಹಳೇ ವಿಡಿಯೋ ಹಾಕೋಕೆ ಬರಲ್ಲ. ಅಂದ್ರೆ ಅಕ್ಕನ ಆಡಿಯೋಗೆ ಅಲ್ಲೂ ಜಾಗ ಇಲ್ಲ.

ತೊಗರಿ ಕಣಜ

ಅದೆಲ್ಲ ಬಿಡಿ, ಮೇಲಿನವರೇ ಹಂಗಿದ್ರೆ ಕೆಳಗಿನವರದ್ದೇನು? 2023ರಲ್ಲಿ ನಮ್ಮ ಜಿಲ್ಲೆಯ ಖರ್ಗೆಯವರೇ ಗದಗ ಜಿಲ್ಲೆಯಲ್ಲಿ ಪ್ರಧಾನಿಗೆ "ವಿಷ ಸರ್ಪ" ಅಂದ್ರು.

ಜೋಳದ ರೊಟ್ಟಿ

ಅದಕ್ಕೆ ಅವರು ವಿಷಾದ ವ್ಯಕ್ತಪಡಿಸಿದ್ರು. ಅದಾದ ಮೇಲೆ ಯತ್ನಾಳರು ಸೋನಿಯಾ ಗಾಂಧಿಗೆ "ವಿಷಕನ್ಯೆ" ಅಂದದ್ದು ಯಾಕೆ ಹೇಳಲಿಲ್ಲ?

ತೊಗರಿ ಕಣಜ

ಪ್ರಿಯಾಂಕ್ ಖರ್ಗೆ "ನಾಲಾಯಕ್" ಅಂದದ್ದು? ಆಯೋಗ ಯತ್ನಾಳರಿಗೂ ಅವರಿಗೂ ಒಟ್ಟಿಗೇ ನೋಟಿಸು ಕೊಟ್ಟಿತ್ತು, ಮರೆತ್ರಾ?

ಜೋಳದ ರೊಟ್ಟಿ

ನಿಮ್ಮಂಥ ಗುಲಾಮರಿಗೆ

(ಈ ಕಾಮೆಂಟಿನ ಉಳಿದ ಭಾಗವನ್ನು ನಿರ್ವಾಹಕರು ತೆಗೆದಿದ್ದಾರೆ)

ನಿರ್ವಾಹಕ

ಸಭ್ಯತೆ ಬಗ್ಗೆ ಚರ್ಚೆ ಮಾಡುತ್ತಾ ಇದು ಈ ಪುಟದ ಆರನೇ ಡಿಲೀಟ್. ತೊಗರಿ, ರೊಟ್ಟಿ ಇಬ್ಬರೂ ನಾಳೆ ಬೆಳಿಗ್ಗೆವರೆಗೆ ಸುಮ್ಮನಿರಿ. ನಿಮಗೂ ಗಂಟೆ ಲೆಕ್ಕವೇ.

ಜಗತ್ ಸರ್ಕಲ್ ಚಹಾ

ಹತ್ತನೇ ಕಾಮೆಂಟಿಗೆ ಅಂದಿದ್ದೆ. ಸ್ವಲ್ಪ ತಡ ಆಯಿತು, ಕ್ಷಮಿಸಿ.

ಡಾಲಸ್ ಕಲಬುರಗಿ

ಇಲ್ಲೂ ಇದೇ ಗೋಳು. 2020ರಲ್ಲಿ ಟ್ರಂಪ್-ಬೈಡನ್ ಮೊದಲ ಚರ್ಚೆಯಲ್ಲಿ ಒಬ್ಬರ ಮಾತು ಒಬ್ಬರು ಕೇಳದೆ ಕೂಗಾಡಿದರು. ಕೊನೆಯ ಚರ್ಚೆಗೆ ಪ್ರತಿ ವಿಷಯದ ಮೊದಲ ಎರಡು ನಿಮಿಷ ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕು ಬಂದ್ ಮಾಡುವ ವ್ಯವಸ್ಥೆ ಬಂತು, ಶಾಲೆ ಮಕ್ಕಳಿಗೆ ಮಾಡಿದ ಹಾಗೆ. ಇದೇ ದೇಶದಲ್ಲಿ 2008ರಲ್ಲಿ ಒಬಾಮಾ ಎದುರು ನಿಂತಿದ್ದ ಜಾನ್ ಮೆಕೇನ್ ಸಭೆಯಲ್ಲಿ ಒಬ್ಬ ಹೆಂಗಸು ಒಬಾಮಾ ಬಗ್ಗೆ ತಪ್ಪು ಮಾತಾಡಿದಾಗ ಮೆಕೇನ್ ಅವಳ ಕೈಯಿಂದ ಮೈಕು ತೆಗೆದುಕೊಂಡು, ಹಾಗಲ್ಲ, ಅವರು ಸಭ್ಯ ಸಂಸಾರಸ್ಥ, ನಮ್ಮ ಜಗಳ ವಿಚಾರದ್ದು ಅಂತ ಹೇಳಿದ್ದರು. ತಮ್ಮದೇ ಬೆಂಬಲಿಗಳಿಗೆ!

ರೀಲ್ಸ್ ರಾಜಾ

ಮೆಕೇನ್ ಸೋತರು ಅಲ್ವಾ ಅಣ್ಣಾ?

ಡಾಲಸ್ ಕಲಬುರಗಿ

ಸೋತರು. ಆದರೆ ಅದಕ್ಕೇ ಸೋತರು ಅಂತ ಹೇಳಬೇಡ ಮಾರಾಯ. ಅಲ್ಲಿ ಮಿರ್ಚಿ ಭಜಿ ಸಿಗ್ತಾ ಇದೆಯಾ ಈ ಬಿಸಿಲಲ್ಲೂ? ಮೂರು ವರ್ಷ ಆಯಿತು ಊರಿಗೆ ಬಂದು.

ಆಳಂದ ನಾಕಾ

42 ಡಿಗ್ರಿಯಲ್ಲೂ ಬಾಣಲೆ ಇಳಿಸಿಲ್ಲ. ಸೂಪರ್ ಮಾರ್ಕೆಟ್ ಕಡೆ ಸಂಜೆ ಐದಕ್ಕೆ ಹೋದರೆ ಸುಸಲಾ ಕೂಡ ಸಿಗುತ್ತೆ. ಮೇಲೆ ಶೇಂಗಾ, ಪಕ್ಕದಲ್ಲಿ ಎರಡು ಭಜಿ.

ಪಿಂಚಣಿ ಕಾಕಾ

ಭಜಿ ಮಾತು ಬಂದಿದ್ದಕ್ಕೆ ಟ್ರಂಕು ತೆಗೆದೆ (ಸಂಬಂಧ ಇಲ್ಲ, ಆದರೂ). 1971ರ ಹಸು-ಕರು ಬಿಲ್ಲೆ ಸಿಕ್ಕಿತು, ತುಕ್ಕು ಹಿಡಿದಿದೆ. ಪಕ್ಕದಲ್ಲೇ 1977ರ ನೇಗಿಲು ಹೊತ್ತ ರೈತನ ಬಿಲ್ಲೆ. ಎರಡನ್ನೂ ಒಂದೇ ಅಂಗಿಗೆ ಚುಚ್ಚಿಕೊಂಡು ಶಾಲೆಗೆ ಹೋದವರಿದ್ದರು. ಮಾಸ್ತರರು ಏನೂ ಅಂದಿರಲಿಲ್ಲ.

ಮೊಳೆ ಜೋಡಿಸಿದವ

ಫೋಟೋ ಹಾಕಿ ಕಾಕಾ. ಬಿಲ್ಲೆ ಹಿಂದೆ ಮಾಡಿದವರ ಹೆಸರು ಇದೆಯಾ ನೋಡಿ.

ಪಿಂಚಣಿ ಕಾಕಾ

ಒಂದರ ಹಿಂದೆ ಏನೋ ಇದೆ, ಕಣ್ಣು ಕಾಣೋದಿಲ್ಲ. ಮೊಮ್ಮಗ ಬರಲಿ.

ಹುಮನಾಬಾದ್ ಅಕ್ಕ

ಬಿಸಿಲೂರಿನವರೇ, ಎಲ್ಲಿ ಹೋದ್ರಿ? ಮಗಳಿಗೆ ಏನು ಉತ್ತರ ಕೊಟ್ರಿ?

ಬಿಸಿಲೂರಿನವ

ಇಲ್ಲೇ ಇದ್ದೇನೆ ಅಕ್ಕಾ, ಎಲ್ಲ ಓದಿದೆ. ಉಪದೇಶ ಮಾಡಲಿಲ್ಲ. ಪ್ರೆಸ್ಸಿನ ಅಣ್ಣಾವ್ರ ಕಲಂ 127-ಎ ಓಣಿಗೆ ತಂದೆ. ಯಾರು ಬೇಕಾದರೂ ಬೈಯಬಹುದು. ಆದರೆ ಲೋಟ ಹಿಡಿದ ಕೂಡಲೇ ಮೊದಲು ತನ್ನ ಹೆಸರು, ಅಪ್ಪನ ಹೆಸರು, ಮನೆ ನಂಬರ್ ಜೋರಾಗಿ ಹೇಳಬೇಕು. ಪಕ್ಕದಲ್ಲಿ ಇಬ್ಬರು "ಹೌದು, ಇವನು ನಮಗೆ ಗೊತ್ತು" ಅನ್ನಬೇಕು.

ನಿನ್ನೆ ಮೊದಲ ಸಭೆ ಆಯಿತು. ಪಕ್ಕದ ಮನೆ ಹುಡುಗ ಮುಚ್ಚಳ ಹತ್ತಿ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಮನೆ ನಂಬರಿಗೆ ನಿಂತ. "ತಡೀರಿ" ಅಂತ ಕೇಳೋಕೆ ಒಳಗೆ ಓಡಿದ. ಅವರಮ್ಮ ಯಾಕೆ ಅಂತ ಕೇಳಿರಬೇಕು, ಏನೋ ಬೈಸಿಕೊಂಡು ಬಂದ. ಬಂದವನು ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ನಮ್ಮ ಓಣಿಗೆ ದಿನಾ ನೀರು ಬಿಡಿಸ್ತೀನಿ" ಅಂದ. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ನನ್ನ ಮಗಳಿಗೆ ನಂಬರ್ ಬರುತ್ತಿತ್ತು. ಪೂರ್ತಿ ವಿಳಾಸ ಹೇಳಿ, ಪಿನ್ ಕೋಡ್ ಸಮೇತ, ಆರಾಮಾಗಿ ಬೈದಳು.

ಜಗತ್ ಸರ್ಕಲ್ ಚಹಾ

ಮುಂದಿನ ಸಲ ನನ್ನ ವೋಟು ಆ ಹುಡುಗಿಗೇ. ಲೋಟ ವಾಪಸ್ ಬಂತಾ?

ಬಿಸಿಲೂರಿನವ

ಬಂದಿದೆ. ಸೊಟ್ಟಾಗಿದೆ. ಮನೆಯವಳು ಇನ್ನೂ ನೋಡಿಲ್ಲ.